ಹನ್ನೆರಡು ಕಂಬ, ಇಪ್ಪತ್ತು ಮಂಚ

ಕರ್ಣಮ್ಮ ಎಂಬುದು ಅವರ ನಿಜವಾದ ಹೆಸರಲ್ಲ. ಆ ಹೆಸರಿಟ್ಟವರಲ್ಲಿ ನಾನೂ ಒಬ್ಬ, ಹಾಗಾಗಿ ಅವರ ಕಥೆ ಹೇಳುವ ಹೊಣೆ ಒಂದಿಷ್ಟು ನನ್ನ ತಲೆಯ ಮೇಲೂ ಇದೆ. ಇನ್ನೊಂದು ಕಾರಣವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅವರು ತಮ್ಮ ಜೀವನದಲ್ಲಿ ತಿದ್ದಿದ ಅತಿ ದೊಡ್ಡ ತಪ್ಪು ಚಿತ್ರವನ್ನು ಬರೆದವನು ನಾನೇ.

ನಾವಿಬ್ಬರೂ ಕೆಲಸ ಮಾಡುತ್ತಿದ್ದದ್ದು ಕಟ್ಟಡಗಳ ನಕ್ಷೆ ತಯಾರಿಸುವ ಕಚೇರಿಯೊಂದರಲ್ಲಿ. ಮೂರನೇ ಮಹಡಿ. ಕೆಳಗೆ ಸೈಕಲ್ ಅಂಗಡಿ, ಮೆಟ್ಟಿಲುದ್ದಕ್ಕೂ ಪಂಕ್ಚರ್ ಅಂಟಿನ ವಾಸನೆ. ಯಜಮಾನರಿಗೆ ಗಾಜಿನ ಬಾಗಿಲಿನ ಕೋಣೆ. ಹೊರಗಿನ ಉದ್ದ ಹಾಲಿನಲ್ಲಿ ನಮ್ಮೆಲ್ಲರ ಎಂಟು ಡ್ರಾಯಿಂಗ್ ಬೋರ್ಡು. ಅದರಲ್ಲಿ ಕಿಟಕಿ ಪಕ್ಕದ ಒಳ್ಳೆಯ ಬೋರ್ಡು ನನ್ನದು, ಏಕೆಂದರೆ ನಾನು ಆರ್ಟಿಸ್ಟ್. ಕಟ್ಟಡ ಇನ್ನೂ ಕಾಗದದಲ್ಲಿರುವಾಗಲೇ, ಅದು ಕಟ್ಟಿ ನಿಂತಂತೆ ಬಣ್ಣದಲ್ಲಿ ಬರೆದು ಕಟ್ಟಿಸುವವರಿಗೆ ತೋರಿಸುವುದು ನನ್ನ ಕೆಲಸ. ಆ ಚಿತ್ರಕ್ಕೆ ನಾವು ಪರ್ಸ್‌ಪೆಕ್ಟಿವ್ ಎನ್ನುತ್ತಿದ್ದೆವು. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು, ರಸ್ತೆಯ ಎರಡೂ ಅಂಚು ದೂರದಲ್ಲಿ ಹೋಗಿ ಒಂದು ಚುಕ್ಕಿಯಲ್ಲಿ ಸೇರುತ್ತವೆ. ಇಷ್ಟು ನನಗೆ ಗೊತ್ತಿತ್ತು. ಉಳಿದದ್ದನ್ನು ಕಣ್ಣಳತೆಯಲ್ಲಿ ತಳ್ಳಿಬಿಡುತ್ತಿದ್ದೆ. ಎರಡು ಮರ, ಒಂದು ಕಾರು, ಕೈಹಿಡಿದು ನಡೆಯುವ ತಾಯಿ ಮಗು ಹಾಕಿದರೆ ಮುಗಿಯಿತು, ಯಾರೂ ಕಂಬಗಳ ಸಂದು ನೋಡುತ್ತಾ ಕೂರುತ್ತಿರಲಿಲ್ಲ.

ಅವರು ಬಂದದ್ದು ಟ್ರೇಸರ್ ಆಗಿ. ಆಗ ವಯಸ್ಸು ಇಪ್ಪತ್ತು. ಬೇರೆಯವರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳ್ಳನೆಯ ಟ್ರೇಸಿಂಗ್ ಹಾಳೆ ಹರಡಿ, ಕಂಡ ಗೆರೆಯನ್ನೇ ಇಂಕಿನಲ್ಲಿ ತೀಡುವುದು ಟ್ರೇಸರ್ ಕೆಲಸ. ಸ್ವಂತ ಬುದ್ಧಿ ಉಪಯೋಗಿಸಬಾರದು ಎಂಬುದೇ ಅದರ ಮೊದಲ ಪಾಠ. ಅವರಮ್ಮ ಸಮವಸ್ತ್ರ ಹೊಲಿಯುವ ದರ್ಜಿ. ಬೀದಿಗೆ ತೆರೆದ ಅಂಗಡಿ, ಅದರ ಮೇಲೆ ಎರಡು ಕೋಣೆ. ಆ ಕೋಣೆಗಳಲ್ಲಿ ಅಮ್ಮ, ನರ್ಸ್ ಕೆಲಸದ ಅಕ್ಕ ಮತ್ತು ಇವರು. ಏಳನೇ ವಯಸ್ಸಿನಿಂದ ಗುಂಡಿ ಹೊಲಿದು ಪಳಗಿದ ಕೈ. ಅವರು ಎಳೆದ ಇಂಕಿನ ಗೆರೆ ಎಲ್ಲೂ ದಪ್ಪವಾಗುತ್ತಿರಲಿಲ್ಲ, ಎಲ್ಲೂ ಕಡಿಯುತ್ತಿರಲಿಲ್ಲ. ತಪ್ಪಿದ ಗೆರೆ ಕೆರೆಯಲು ನಮ್ಮೆಲ್ಲರ ಬೋರ್ಡಿನ ಮೇಲೂ ಒಂದು ಬ್ಲೇಡು ಇರುತ್ತಿತ್ತು. ಅವರ ಬ್ಲೇಡು ಪೆನ್ಸಿಲ್ ಚೂಪು ಮಾಡುವುದಕ್ಕೆ ಮಾತ್ರ ಸವೆಯುತ್ತಿತ್ತು.

ಬಂದು ಎರಡು ತಿಂಗಳಾಗಿತ್ತು. ನಾನು ಬರೆದ ಅಂಗಡಿ ಸಾಲಿನ ಚಿತ್ರವೊಂದನ್ನು ಟ್ರೇಸ್ ಮಾಡುತ್ತಿದ್ದವರು ಎದ್ದು ನನ್ನ ಬಳಿ ಬಂದರು.

"ಸರ್, ಈ ಐದನೇ ದೀಪದ ಕಂಬ ಸ್ವಲ್ಪ ಮುಂದೆ ಬಂದಿದೆ ಅನ್ಸುತ್ತೆ."

"ಎಲ್ಲಿಗೆ ಬಂದಿದೆ?"

"ನಾಲ್ಕನೇದರ ಹತ್ತಿರಕ್ಕೆ. ಆರನೇದು ದೂರ ಉಳಿದುಬಿಟ್ಟಿದೆ. ಜಗಳ ಆಡಿಕೊಂಡವರ ಹಾಗೆ ನಿಂತಿವೆ."

ನಾನು ನಕ್ಕೆ. "ನೋಡೋಕೆ ಚೆನ್ನಾಗಿದ್ರೆ ಸಾಕಮ್ಮ. ಕಂಬಗಳಿಗೆ ಸಮಾಧಾನ ಹೇಳ್ತಾ ಕೂರೋಕಾಗುತ್ತಾ?"

ಅವರು ಹೋಗಿ, ನಾನು ಬರೆದ ಹಾಗೆಯೇ ತೀಡಿಕೊಟ್ಟರು. ಆದರೆ ಆ ಐದನೇ ಕಂಬ ಅವರ ಮನಸ್ಸಿಗೆ ಮುಳ್ಳಿನಂತೆ ನಾಟಿಕೊಂಡಿತ್ತು.

ಮಾರನೆಯ ವಾರದಿಂದ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವರು ಹಿಂದಿನ ಮೆಟ್ಟಿಲ ಬಳಿ ಮಾಯವಾಗತೊಡಗಿದರು. ಒಂದು ದಿನ ನಾನು ಕೈತೊಳೆಯಲು ಹೋದಾಗ ಕಂಡ ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಿಟಕಿಯ ಮುಂದೊಂದು ಸ್ಟೂಲು, ಸ್ಟೂಲಿನ ಮೇಲೆ ಎರಡು ಇಟ್ಟಿಗೆ, ಇಟ್ಟಿಗೆಯ ಮೇಲೆ ಗದ್ದ. ನೆಲಕ್ಕೆ ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಕಿಟಕಿಯ ಗಾಜಿಗೆ ಅಂಟಿಸಿದ ಟ್ರೇಸಿಂಗ್ ಹಾಳೆಯ ಮೇಲೆ ಏನನ್ನೋ ಬರೆಯುತ್ತಿದ್ದಾರೆ.

"ಏನ್ರೀ ಇದು ತಪಸ್ಸು?"

"ಅಲುಗಾಡಿಸಬೇಡಿ ಸರ್! ಗದ್ದ ಸರಿದ್ರೆ ಎಲ್ಲಾ ಹಾಳು."

ಕಿಟಕಿಯಾಚೆ ಶಾಲೆಯೊಂದರ ಆಟದ ಮೈದಾನ. ಅದರ ಮರದ ಬೇಲಿ ನಮ್ಮ ಕಡೆಯಿಂದ ದೂರ ದೂರಕ್ಕೆ ಓಡುತ್ತಿತ್ತು. ಸಮ ಅಂತರದಲ್ಲಿ ನೆಟ್ಟ ಕಂಬಗಳು. ಮೇಲೊಂದು, ನಡುವೊಂದು, ಬುಡಕ್ಕೊಂದು ಅಡ್ಡಪಟ್ಟಿ. ಅವರು ಗಾಜಿನ ಮೂಲಕ ಆ ಕಂಬಗಳನ್ನು ಕಂಡಂತೆ ಹಾಳೆಗೆ ಇಳಿಸಿ, ಆಮೇಲೆ ಸಂದುಗಳನ್ನು ಅಳೆಯುತ್ತಿದ್ದರು. ಒಂದೊಂದು ಸಂದೂ ಹಿಂದಿನದಕ್ಕಿಂತ ಒಂದೇ ಅಳತೆಯಷ್ಟು ಕಡಿಮೆಯಾಗುತ್ತದೆಯೇ ಎಂದು ನೋಡಿದರು, ಆಗಲಿಲ್ಲ. ಮುಕ್ಕಾಲು, ಮುಕ್ಕಾಲರ ಮುಕ್ಕಾಲು ಎಂದು ಇಳಿಯುತ್ತದೆಯೇ ನೋಡಿದರು. ಅದೂ ಮೂರು ಕಂಬಕ್ಕೆ ಹೊಂದಿದಂತೆ ಕಂಡು ನಾಲ್ಕನೆಯದಕ್ಕೆ ಕೈಕೊಟ್ಟಿತು. ಮೂರು ವಾರ ಹೀಗೆ. ಊಟದ ಡಬ್ಬಿ ತೆರೆಯದೆ ಮನೆಗೆ ಹೋಗುತ್ತಿತ್ತಂತೆ. ಅವರಮ್ಮ, "ಆ ಬೇಲಿಗೇ ಊಟ ಹಾಕು, ನೀನು ತಿನ್ನಬೇಡ" ಎಂದು ಬೈದರಂತೆ.

ಆಮೇಲೊಂದು ದಿನ ಶಾಲೆಯ ಕಾವಲುಗಾರ ಬೇಲಿ ರಿಪೇರಿ ಮಾಡಿದ. ಅಲುಗಾಡುತ್ತಿದ್ದ ಕಡೆ ಉದ್ದನೆಯ ಬೊಂಬೊಂದನ್ನು ಓರೆಯಾಗಿಟ್ಟು, ಒಂದು ಕಂಬದ ತಲೆಗೊಂದು ಮೊಳೆ, ಮೂರನೇ ಕಂಬದ ಬುಡಕ್ಕೊಂದು ಮೊಳೆ ಹೊಡೆದ. ನಡುವಿನ ಕಂಬದಲ್ಲಿ ಬೊಂಬು ಸರಿಯಾಗಿ ನಡುಪಟ್ಟಿಯ ಮೇಲೆಯೇ ಹಾದುಹೋಗಿತ್ತು; ಅಲ್ಲಿಗೂ ಒಂದು ಮೊಳೆ ಬಿತ್ತು.

ಆ ಮಧ್ಯಾಹ್ನ ಅವರು ಓಡಿಕೊಂಡು ಬಂದದ್ದು ನೋಡಿ ಯಾರಿಗೋ ಏನೋ ಆಯಿತೆಂದು ನಾನು ಎದ್ದು ನಿಂತೆ.

"ಸರ್, ಸಿಕ್ಕಿತು! ದೂರ ಹೋದ ಹಾಗೆ ಕಂಬ ಚಿಕ್ಕದಾಗುತ್ತೆ, ಸಂದು ಕಿರಿದಾಗುತ್ತೆ, ಎಲ್ಲಾ ಬದಲಾಗುತ್ತೆ. ಆದ್ರೆ ನೆಟ್ಟಗಿರೋ ಬೊಂಬು ಸೊಟ್ಟ ಆಗಲ್ಲ. ಕಂಬದ ಮಧ್ಯ ಅನ್ನೋದು ಮಧ್ಯದಲ್ಲೇ ಇರುತ್ತೆ. ಅಷ್ಟು ಸಾಕು ಸರ್ ನಮಗೆ."

ನನ್ನ ಬೋರ್ಡಿನ ಮೂಲೆಯಲ್ಲೇ ಬರೆದು ತೋರಿಸಿದರು. ಮೊದಲ ಎರಡು ಕಂಬ ನಿಲ್ಲಿಸಿದರು. ಎರಡರ ತಲೆ ಸೇರಿಸಿ ಒಂದು ಗೆರೆ, ಬುಡ ಸೇರಿಸಿ ಒಂದು ಗೆರೆ, ಮಧ್ಯ ಸೇರಿಸಿ ಒಂದು ಗೆರೆ. ಮೂರೂ ದೂರದ ಚುಕ್ಕಿಗೆ ಹೋಗಿ ಸೇರಿದವು. ಆಮೇಲೆ ಮೊದಲ ಕಂಬದ ತಲೆಯಿಂದ ಎರಡನೇ ಕಂಬದ ನಡುಮಧ್ಯದ ಮೂಲಕ ಒಂದು ಓರೆಗೆರೆ ಎಳೆದರು. ಅದು ಬುಡದ ಗೆರೆಗೆ ಎಲ್ಲಿ ತಾಗಿತೋ ಅಲ್ಲಿ ಮೂರನೇ ಕಂಬ. ಎರಡರ ತಲೆಯಿಂದ ಮೂರರ ಮಧ್ಯದ ಮೂಲಕ ಇನ್ನೊಂದು ಎಳೆದರೆ ನಾಲ್ಕನೆಯದು. ಐದನೆಯದು. ಆರನೆಯದು. ಅಳತೆಪಟ್ಟಿಯ ಅಂಕಿಗಳತ್ತ ಅವರು ನೋಡಲೇ ಇಲ್ಲ. ಬರೀ ಅಂಚು ಬಳಸಿದರು.

"ನಿಮಗಿದು ಹೇಗೆ ಹೊಳೀತು?" ಎಂದೆ.

"ನಮ್ಮಮ್ಮ ಗುಂಡಿ ಇಡೋವಾಗ ಟೇಪು ಮುಟ್ಟೋಕೇ ಬಿಡ್ತಿರಲಿಲ್ಲ. ಬಟ್ಟೆ ಮಡಿಸು, ಮಡಿಸಿದ ಗೆರೆ ಸುಳ್ಳು ಹೇಳಲ್ಲ ಅಂತಿದ್ರು. ಇಲ್ಲಿ ಕಾಗದ ಮಡಿಸೋಕಾಗಲ್ಲ ಸರ್. ಅದಕ್ಕೆ ಓರೆ ಗೆರೆ."

ಇದು ಚಿತ್ರಕಲೆಯ ಪುಸ್ತಕಗಳಲ್ಲಿ ಯಾವತ್ತಿನಿಂದಲೋ ಇರುವ ವಿಧಾನ ಎಂದು ನನಗೆ ಆಮೇಲೆ ಗೊತ್ತಾಯಿತು. ನಾನು ಕಲಿತ ಶಾಲೆಯಲ್ಲೂ ಯಾರೋ ಹೇಳಿದ್ದರೋ ಏನೋ, ನಾನು ಹಿಂದಿನ ಬೆಂಚಿನಲ್ಲಿ ಮೇಷ್ಟರ ಮೂತಿ ಬರೆಯುತ್ತಿದ್ದಿರಬೇಕು. ಅವರು ಪುಸ್ತಕ ನೋಡಿದವರಲ್ಲ. ಬೇಲಿ ನೋಡಿ ಕಂಡುಕೊಂಡರು.

ಅಂದಿನಿಂದ ಅವರ ಹಾಳೆಗಳ ಮೇಲೆಲ್ಲ ತೆಳುವಾಗಿ ಓರೆಗೆರೆ. ಮೂಲೆಯಿಂದ ಮೂಲೆಗೆ ಎಳೆಯುವ ಗೆರೆಗೆ ಗಣಿತದಲ್ಲಿ ಕರ್ಣ ಅನ್ನುತ್ತಾರಲ್ಲ, ಹಾಗಾಗಿ ನಾವೆಲ್ಲ ಸೇರಿ ಕರ್ಣಮ್ಮ ಎಂದೆವು. ಹೊಸದಾಗಿ ಬಂದ ಗುಮಾಸ್ತನಿಗೆ ಇದು ಗೊತ್ತಿರಲಿಲ್ಲ. ಕರ್ಣ ಎಂದರೆ ಕಿವಿ ಎಂದಷ್ಟೇ ತಿಳಿದಿದ್ದ ಆತ, ಪಾಪ, ಇವರಿಗೆ ಕಿವಿ ಮಂದವೆಂದು ಭಾವಿಸಿ ಒಂದು ತಿಂಗಳು ಪಕ್ಕದಲ್ಲಿ ನಿಂತು ಕಿರುಚಿ ಮಾತಾಡಿದ. ಇವರು, ಆತನ ಗಂಟಲೇ ಹಾಗೆ ಎಂದುಕೊಂಡು ಸುಮ್ಮನಿದ್ದರು.

ಇಷ್ಟಾದರೂ ಅವರು ಟ್ರೇಸರ್ ಆಗಿಯೇ ಉಳಿದರು. ನಾನೂ ಕಣ್ಣಳತೆಯಲ್ಲೇ ಉಳಿದೆ. ಸೋಮಾರಿತನ ಎಂದರೂ ಸರಿ, ಅಹಂಕಾರ ಎಂದರೂ ಸರಿ.

ನಾಲ್ಕು ವರ್ಷದ ನಂತರ ಆಸ್ಪತ್ರೆಯ ಕೆಲಸ ಬಂತು. ಊರಿನ ಹಳೆಯ ಆಸ್ಪತ್ರೆ ಕಿಕ್ಕಿರಿದು, ಹೊಸ ಜಾಗದಲ್ಲಿ ಹೊಸ ಕಟ್ಟಡ ಆಗಬೇಕಿತ್ತು. ಯಜಮಾನರು ಇದಕ್ಕೆ ಜೀವ ತೇಯ್ದರು ಎಂದರೆ ಹೆಚ್ಚಲ್ಲ. ಅದರಲ್ಲೂ ದೊಡ್ಡ ವಾರ್ಡು ಅವರ ಕಣ್ಮಣಿ. ನೂರಿಪ್ಪತ್ತು ಅಡಿಗೂ ಮಿಕ್ಕ ಉದ್ದದ ಹಾಲು. ಒಂದು ಬದಿಯ ಗೋಡೆಗೆ ತಲೆದಿಂಬು ಮಾಡಿ ಸಾಲಾಗಿ ಇಪ್ಪತ್ತು ಮಂಚ. ಮಂಚಗಳ ಮುಂದೆ ಹತ್ತು ಹತ್ತು ಅಡಿಗೆ ಒಂದರಂತೆ ಹನ್ನೆರಡು ಕಂಬ, ಒಂದೊಂದೂ ಒಂದೂವರೆ ಅಡಿ ಚೌಕ. ಕಂಬಗಳ ಈಚೆ ಓಡಾಡುವ ಹಾದಿ. ಹಾದಿಯ ತುದಿಯಲ್ಲಿ, ಕಂಬಸಾಲಿನಿಂದ ಆರಡಿ ಈಚೆಗೆ, ನರ್ಸ್ ಕೂರುವ ಮೇಜು.

ನಾನು ಬರೆದ ಚಿತ್ರ ನೋಡಿದರೆ ಕಾಯಿಲೆ ಬಿದ್ದಾದರೂ ಅಲ್ಲಿ ಹೋಗಿ ಮಲಗೋಣ ಅನ್ನಿಸಬೇಕು, ಹಾಗಿತ್ತು. ಕಿಟಕಿಗಳಿಂದ ಬಿಸಿಲು, ಹೊಳೆಯುವ ನೆಲ, ಕಂಬಗಳ ನಡುವೆ ಕೊನೆಯವರೆಗೂ ಕಾಣುವ ಬಿಳಿ ಮಂಚಗಳು. ಹನ್ನೊಂದನೇ ಕಂಬಕ್ಕೂ ಹನ್ನೆರಡನೇ ಕಂಬಕ್ಕೂ ನಡುವೆ ಕೂಡ ಒಂದು ಮಂಚ ಕಾಣುವಂತೆ ಸಂದು ಬಿಟ್ಟಿದ್ದೆ. ಆಸ್ಪತ್ರೆಯ ಸಮಿತಿಯವರು ನೋಡಿ ಚಪ್ಪಾಳೆ ತಟ್ಟಿದರು. ಯಜಮಾನರು ನನ್ನ ಬೆನ್ನು ತಟ್ಟಿದರು.

ಕರ್ಣಮ್ಮನವರು ಆ ವಾರ್ಡಿನ ನಕ್ಷೆ ಟ್ರೇಸ್ ಮಾಡುತ್ತಿದ್ದರು. ಒಂದು ಭಾನುವಾರ ಮನೆಯಲ್ಲಿ ಊಟ ಮಾಡುತ್ತಾ ಅಕ್ಕನಿಗೆ ಅದರ ವಿಷಯ ಹೇಳಿದರಂತೆ. ಹಳೆಯ ಆಸ್ಪತ್ರೆಯಲ್ಲಿದ್ದ ಅಕ್ಕ ಹೊಸದಕ್ಕೆ ಬರುವುದು ಖಚಿತವಾಗಿತ್ತು.

"ನನ್ನ ಮೇಜು ಎಲ್ಲಿ ಹಾಕಿದೀರ?" ಎಂದರು ಅಕ್ಕ.

"ಇಲ್ಲಿ, ಬಾಗಿಲ ಹತ್ತಿರ."

"ಅಲ್ಲಿ ಕೂತ್ರೆ ಎಷ್ಟು ಮಂಚ ಕಾಣುತ್ತೆ?"

ಇವರು ಬಾಯಿಗಿಟ್ಟ ತುತ್ತು ನಿಲ್ಲಿಸಿದರು. "ಯಾಕೆ? ಎಲ್ಲಾ ಕಾಣ್ಬೇಕಲ್ವಾ?"

"ಕಾಣ್ಬೇಕು ಅಂತ ನಾನೂ ಹೇಳ್ತೀನಿ ಕಣೆ. ಇಪ್ಪತ್ತು ಜನಕ್ಕೆ ಒಬ್ಬಳು ಇರ್ತೀನಿ. ಒಬ್ಬರಿಗೆ ಸೂಜಿ ಚುಚ್ಚಿ ಬಂದು ಕೂತು ಬರೀತಿರ್ತೀನಿ, ಅಷ್ಟರಲ್ಲಿ ಇನ್ನೊಬ್ಬರು ಮಂಚದಿಂದ ಜಾರ್ತಿರ್ತಾರೆ. ತಲೆ ಎತ್ತಿದ್ರೆ ಕಾಣ್ಬೇಕು. ಎದ್ದು ಹೋಗಿ ಒಬ್ಬೊಬ್ಬರನ್ನೇ ನೋಡ್ತಾ ಇರೋಕೆ ನನಗೇನು ಹತ್ತು ಕಾಲಿದೆಯಾ?"

ಸೋಮವಾರದಿಂದ ಅವರು ಕಚೇರಿಗೆ ಎರಡು ಗಂಟೆ ಮುಂಚೆ ಬರತೊಡಗಿದರು. ಬೀಗದ ಕೈ ಇದ್ದ ಜವಾನನನ್ನು ಹೇಗೆ ಒಪ್ಪಿಸಿದರೋ ಗೊತ್ತಿಲ್ಲ. ನಾಲ್ಕು ದಿನ ಬೆಳಗ್ಗೆ ಕೂತು ಆ ವಾರ್ಡನ್ನು ಬರೆದರು. ನಾನು ಬರೆದಂತೆ ಹಾಲಿನ ಅಂದವಾದ ಮೂಲೆಯೊಂದರಿಂದಲ್ಲ. ಕುರ್ಚಿಯಲ್ಲಿ ಕೂತ ಹೆಂಗಸಿನ ಕಣ್ಣಿನ ಎತ್ತರದಿಂದ. ಮೊದಲ ಎರಡು ಕಂಬವನ್ನು ನಕ್ಷೆಯ ಅಳತೆಯಿಂದ ನಿಲ್ಲಿಸಿ, ಉಳಿದ ಹತ್ತನ್ನು ಓರೆಗೆರೆಯಿಂದ ಹುಡುಕಿದರು. ಕಂಬದ ದಪ್ಪಕ್ಕೂ ಹಾಗೆಯೇ, ಎದುರಂಚಿಗೊಂದು ಸಲ, ಹಿಂದಂಚಿಗೊಂದು ಸಲ. ಮಂಚಗಳಿಗೂ ಹಾಗೆಯೇ.

ಗುರುವಾರ ನಾನು ಬಂದಾಗ ಆ ಹಾಳೆ ನನ್ನ ಬೋರ್ಡಿನ ಮೇಲಿತ್ತು. ಅವರು ಪಕ್ಕದಲ್ಲಿ ನಿಂತಿದ್ದರು.

"ಯಜಮಾನರಿಗೆ ತೋರಿಸೋ ಮುಂಚೆ ನಿಮಗೆ ತೋರಿಸ್ಬೇಕು ಅನ್ನಿಸ್ತು ಸರ್."

ಮೊದಲ ಕಂಬದ ಈಚೆ ಮೂರು ಮಂಚ. ಮುಂದಿನ ಸಂದಿನಲ್ಲಿ ಎರಡು. ಅದರ ಮುಂದಿನದರಲ್ಲಿ ಒಂದು. ಮೂರನೇ ಮತ್ತು ನಾಲ್ಕನೇ ಕಂಬದ ನಡುವೆ ಬಾಗಿಲ ಬಿರುಕಿನಷ್ಟು ಬೆಳಕು. ನಾಲ್ಕನೇ ಕಂಬದಿಂದಾಚೆಗೆ ಸಂದೇ ಇಲ್ಲ. ಒಂದರ ದಪ್ಪಕ್ಕೆ ಇನ್ನೊಂದರ ದಪ್ಪ ತಾಗಿ, ಒಂಬತ್ತು ಕಂಬ ಸೇರಿ ಒಂದೇ ಗೋಡೆ. ಗೋಡೆಯ ಹಿಂದೆ ರೋಗಿಗಳು.

ನಾನು ಒಂದು ಗಂಟೆ ಆ ಹಾಳೆಯಲ್ಲಿ ತಪ್ಪು ಹುಡುಕಿದೆ. ಸಿಗಲಿ ಎಂದು ಬೇಡಿಕೊಂಡೇ ಹುಡುಕಿದೆ. ಸಿಗಲಿಲ್ಲ. ಸಿಟ್ಟು ಬಂತು. ಬಾಯಿಂದ ಬಂದ ಮಾತು ಮಾತ್ರ ಹಿತವಚನದ ಧಾಟಿಯಲ್ಲಿತ್ತು. "ನೋಡಿ, ಸಮಿತಿ ಒಪ್ಪಿ ಆಗಿದೆ. ಈಗ ಹೋಗಿ ಇದನ್ನ ತೋರಿಸಿದ್ರೆ ಯಜಮಾನರು ನಿಮ್ಮನ್ನ ಮನೆಗೆ ಕಳಿಸ್ತಾರೆ. ಯಾಕೆ ಸುಮ್ನೆ ಮೈಮೇಲೆ ಎಳ್ಕೋತೀರ?"

ಅವರು ಹಾಳೆಯನ್ನು ಸುರುಳಿ ಸುತ್ತುತ್ತಾ ಹೇಳಿದರು: "ಆ ಕುರ್ಚಿಯಲ್ಲಿ ನಮ್ಮಕ್ಕ ಕೂರ್ತಾಳೆ ಸರ್. ಅವಳು ಕೂರದೇ ಇದ್ರೂ ಇನ್ಯಾರದೋ ಅಕ್ಕ ಕೂರ್ತಾಳೆ."

ಗಾಜಿನ ಬಾಗಿಲು ಮುಚ್ಚಿಕೊಂಡಿತು. ನಮಗೆಲ್ಲ ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಯಜಮಾನರ ದನಿ ಗಾಜನ್ನೂ ದಾಟಿತು. "ಟ್ರೇಸರ್ ಕೆಲಸ ಟ್ರೇಸ್ ಮಾಡೋದು! ಚಿತ್ರ ಅಂದ್ಮೇಲೆ ಹೇಗೆ ಬೇಕಾದ್ರೂ ಬರೀಬಹುದು. ಅವನು ಬರೆದದ್ದು ಚಿತ್ರ, ನೀನು ಬರೆದದ್ದೂ ಚಿತ್ರ. ನಿಂದೇ ಸರಿ ಅಂತ ಹೇಗೆ ಹೇಳ್ತೀಯ?"

ಆಗ ಅವರು ಹೇಳಿದ್ದನ್ನು ಯಜಮಾನರೇ ಎಷ್ಟೋ ವರ್ಷದ ನಂತರ ನನಗೆ ಹೇಳಿದರು. "ಹೇಳೋದು ಬೇಡ ಸರ್. ಹೊರರೋಗಿಗಳ ವಿಭಾಗದ ಕಂಬಗಳಿಗೆ ಅಂತ ಬಡಗಿಗಳು ಕಾಂಕ್ರೀಟ್ ಸುರಿಯೋ ಮರದ ಅಚ್ಚು ಮಾಡಿ ಇಟ್ಟಿದ್ದಾರೆ, ಅದೇ ಅಳತೆ. ವಾರ್ಡಿನ ಜಾಗದಲ್ಲಿ ಸುಣ್ಣದ ಗುರುತೂ ಹಾಕಿದೆ. ಹನ್ನೆರಡು ಅಚ್ಚು ನಿಲ್ಲಿಸಿ, ಒಂದು ಕುರ್ಚಿ ಹಾಕಿ. ಇಪ್ಪತ್ತು ಜನ ಮಂಚದ ಜಾಗದಲ್ಲಿ ನಿಲ್ಲಲಿ. ನೀವೇ ಕೂತು ಎಣಿಸಿ. ನನ್ನದು ತಪ್ಪಾದ್ರೆ ನಾಳೆಯಿಂದ ನಾನು ಬರಲ್ಲ."

ಯಜಮಾನರು ಕೋಪಿಷ್ಠರು ನಿಜ, ಆದರೆ ಕಟ್ಟಡ ಕಟ್ಟುವವರು. ನಿಲ್ಲಿಸಿ ನೋಡು ಎಂದರೆ ನೋಡದೆ ಇರಲಾರರು.

ಶನಿವಾರ ಬೆಳಗ್ಗೆ ಎಂಟಕ್ಕೆಲ್ಲ ನಾವು ಅಲ್ಲಿದ್ದೆವು. ಸಮ ಮಾಡಿದ ಕೆಂಪು ನೆಲ, ಸುಣ್ಣದ ಗುರುತು, ಒಂದೊಂದು ಗುರುತಿನ ಮೇಲೂ ಆಳೆತ್ತರ ಮೀರಿದ ಮರದ ಅಚ್ಚು. ಗಾರೆಯವರು, ಬಡಗಿಗಳು, ಕಬ್ಬಿಣ ಕಟ್ಟುವವರು ಸೇರಿ ಹದಿನೈದು ಜನ ಸಿಕ್ಕರು. ಉಳಿದ ಐದಕ್ಕೆ ಕಚೇರಿಯವರು. ಕರ್ಣಮ್ಮನವರು ನಕ್ಷೆ ಹಿಡಿದು ಒಬ್ಬೊಬ್ಬರನ್ನೇ ಅಳೆದು ನಿಲ್ಲಿಸಿದರು. ನನಗೆ ಹದಿನೆಂಟನೇ ಮಂಚ ಬಂತು.

ಅಷ್ಟರಲ್ಲಿ ಬಿಳಿ ಸಮವಸ್ತ್ರದ ಹೆಂಗಸೊಬ್ಬರು ಹಾದಿಯುದ್ದಕ್ಕೂ ನಡೆದು ಬಂದು, ಯಾರನ್ನೂ ಕೇಳದೆ ಕುರ್ಚಿಯಲ್ಲಿ ಕೂತರು.

"ನೀವು ಯಾರಮ್ಮ?" ಯಜಮಾನರು ಹುಬ್ಬು ಗಂಟಿಕ್ಕಿದರು.

"ಈ ಕುರ್ಚಿಯಲ್ಲಿ ಕೂರೋಳು ಸಾರ್. ಇವತ್ತು ರಜಾ. ಒಂದ್ಸಲ ಅಭ್ಯಾಸ ಮಾಡ್ಕೊಂಡು ಹೋಗೋಣ ಅಂತ ಬಂದೆ."

ಯಾರೋ ಕಿಸಕ್ಕನೆ ನಕ್ಕರು. ಅಕ್ಕ ಬೆರಳು ಚಾಚಿ ಎಣಿಸಿದರು. "ಒಂದು, ಎರಡು, ಮೂರು. ಇಲ್ಲಿ ನಾಲ್ಕು, ಐದು. ಅಲ್ಲಿ ಆರು." ಆಮೇಲೆ ಕತ್ತು ಅತ್ತ ಬಾಗಿಸಿ, ಇತ್ತ ಬಾಗಿಸಿ, "ಆಚೆ ಯಾರದೋ ಕಿವಿ ಕಾಣ್ತಿದೆ. ಅದನ್ನೂ ಲೆಕ್ಕಕ್ಕೆ ಹಿಡೀಲಾ ಸಾರ್?" ಎಂದರು.

ಅಕ್ಕ ಎದ್ದರು. ಯಜಮಾನರು ಕೂತರು. ನನಗೆ ಇದೆಲ್ಲ ಕೇಳಿಸುತ್ತಿತ್ತು, ಆದರೆ ನನ್ನ ಜಾಗದಿಂದ ಕಾಣುತ್ತಿದ್ದದ್ದು ಮರದ ಹಲಗೆಗಳ ಗೋಡೆ ಮಾತ್ರ. ನಾನು ಬಣ್ಣ ಹಚ್ಚಿದ ಚಿತ್ರದಲ್ಲಿ ಇದೇ ಜಾಗಕ್ಕೆ ಬಿಸಿಲು ಬಿದ್ದಿತ್ತು.

"ಹದಿನೆಂಟನೇಯವರು ಕೈ ಎತ್ತಿ!" ಯಜಮಾನರ ದನಿ.

ಎತ್ತಿದೆ.

"ಹದಿನೆಂಟನೇಯವರು ಯಾರ್ರೀ? ಕೈ ಎತ್ತಿ ಅಂದೆ!"

"ಎತ್ತಿದೀನಿ ಸಾರ್!" ಎಂದು ಕೂಗಿದೆ. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಎರಡೂ ಕೈ ಎತ್ತಿ ಆಡಿಸಿದೆ. ಆ ಕಡೆಯಿಂದ ಉತ್ತರವಿಲ್ಲ. ನನಗೆ ಜ್ವರವಿರಲಿಲ್ಲ, ನೋವಿರಲಿಲ್ಲ, ಸುತ್ತ ಜನರಿದ್ದರು. ಆದರೂ ಆ ಒಂದು ನಿಮಿಷದಲ್ಲಿ ನನಗಾದ ಹೆದರಿಕೆಯನ್ನು ಹೇಗೆ ಹೇಳಲಿ? ಕರೆಯುತ್ತಿದ್ದೇನೆ, ಕಾಣುತ್ತಿಲ್ಲ. ಹಾಗೆ ಮಾಡಿದವನು ನಾನೇ.

ಯಜಮಾನರು ಬಹಳ ಹೊತ್ತು ಕುರ್ಚಿ ಬಿಟ್ಟೇಳಲಿಲ್ಲವಂತೆ. ಎದ್ದ ಮೇಲೆ ಕಂಟ್ರಾಕ್ಟರನ್ನು ಕರೆದು, "ವಾರ್ಡಿನ ಪಾಯ ತೋಡಬೇಡಿ. ಹದಿನೈದು ದಿನ ತಡೀರಿ" ಎಂದರು. ಕರ್ಣಮ್ಮನವರತ್ತ ತಿರುಗಿ ಕೇಳಿದ್ದು ಒಂದೇ ಮಾತು. "ಆ ಗೆರೆ ಎಳೆಯೋದನ್ನ ನನಗೆ ಇನ್ನೊಂದ್ಸಲ ತೋರಿಸು."

ಹದಿನೈದು ದಿನ ಅವರಿಬ್ಬರೂ ಒಂದೇ ಬೋರ್ಡಿನ ಮುಂದೆ ಕೂತರು. ಯಜಮಾನರು ಕಂಬಗಳನ್ನು ಜರುಗಿಸುವರು, ಇವರು ಕುರ್ಚಿಯಿಂದ ಕಾಣುವುದನ್ನು ಬರೆಯುವರು. ಕಂಬ ಸಣ್ಣ ಮಾಡಿದರು, ಎಂಟು ಮಂಚ ಕಂಡವು. ಅಂತರ ಹೆಚ್ಚಿಸಿದರು, ಹನ್ನೊಂದು. ಮೇಜು ಸರಿಸಿದರು, ಹದಿಮೂರು. ಯಜಮಾನರು ಪೆನ್ಸಿಲ್ ಎಸೆದು ಹೊರಗೆ ಹೋಗಿ ಚಹಾ ಕುಡಿದು ಬರುವರು. ಕೊನೆಗೆ ಕಂಬಗಳನ್ನು ಹಾಲಿನಿಂದಲೇ ಕಿತ್ತು, ಮಂಚಗಳ ಹಿಂದಿನ ಗೋಡೆಯೊಳಗೆ ಸೇರಿಸಿ, ಮೇಲಿನ ತೊಲೆಗಳನ್ನು ದಪ್ಪ ಮಾಡಿದರು. ಇಪ್ಪತ್ತಕ್ಕೆ ಇಪ್ಪತ್ತೂ ಕಂಡವು.

ಸಮಿತಿಯ ಮುಂದೆ ಹೊಸ ನಕ್ಷೆ ಇಟ್ಟಾಗ ಯಜಮಾನರು, "ನಾವು ಇನ್ನೊಮ್ಮೆ ಯೋಚನೆ ಮಾಡಿದೆವು" ಎಂದಷ್ಟೇ ಹೇಳಿದರು. ನನಗೆ ಕೆಟ್ಟದೆನಿಸಿತು. ಕರ್ಣಮ್ಮನವರಿಗೆ ಅದು ಕೆಟ್ಟದೆನಿಸಿದ್ದು ನಾನಂತೂ ಕಾಣಲಿಲ್ಲ. ಆದರೆ ನಕ್ಷೆಯ ಕೆಳಮೂಲೆಯಲ್ಲಿ 'ಬರೆದವರು' ಎಂಬ ಪುಟ್ಟ ಚೌಕವಿರುತ್ತದೆ. ಅದರಲ್ಲಿ ಟ್ರೇಸರ್ ಸಹಿ ಹಾಕುವ ಪದ್ಧತಿಯಿರಲಿಲ್ಲ. ಆ ದಿನ ಯಜಮಾನರು ಚೌಕವನ್ನು ಖಾಲಿ ಬಿಟ್ಟು ಹಾಳೆಯನ್ನು ಅವರ ಕಡೆ ತಳ್ಳಿದರು. ಅವರು ತಮ್ಮ ಪೂರ್ತಿ ಹೆಸರನ್ನು ಇನಿಷಿಯಲ್ ಸಮೇತ ಗುಂಡಗೆ ಬರೆದರು. ಅವರಿಗೆ ಇನಿಷಿಯಲ್ ಇದೆ ಎಂಬುದೇ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಅದರ ಮುಂದಿನ ಸೋಮವಾರ ನಾನು ಅವರ ಬೋರ್ಡಿನ ಹತ್ತಿರ ಹೋದೆ. "ನಾನು ಅವತ್ತು ನಿಮಗೆ ಸುಮ್ಮನಿರಿ ಅಂದೆ. ತಪ್ಪಾಯ್ತು" ಎಂದೆ.

"ನೀವು ತಪ್ಪು ಹುಡುಕಿದ್ರಲ್ಲ ಸರ್, ಒಂದು ಗಂಟೆ. ನೀವು ಹುಡುಕಿ ಸಿಗದೇ ಇದ್ದದ್ದಕ್ಕೇ ನನಗೆ ಒಳಗೆ ಹೋಗೋಕೆ ಧೈರ್ಯ ಬಂತು" ಎಂದರು. ಇದು ನನ್ನನ್ನು ಸಮಾಧಾನ ಮಾಡಲು ಹೇಳಿದ್ದೋ, ನಿಜವೋ, ಇಂದಿಗೂ ಕೇಳಿಲ್ಲ.

ಅಲ್ಲಿಂದ ಇಪ್ಪತ್ತಾರು ವರ್ಷ ನಮ್ಮ ಕಚೇರಿಯ ಪರ್ಸ್‌ಪೆಕ್ಟಿವ್‌ಗಳೆಲ್ಲ ಎರಡು ಕೈಯವು. ಗೆರೆ ಅವರದು, ಬಣ್ಣ ನನ್ನದು. ಬಸ್ ನಿಲ್ದಾಣದ ಬೆಂಚುಗಳು, ಗ್ರಂಥಾಲಯದ ಕಪಾಟುಗಳು, ಸೇತುವೆಯ ಕಟಕಟೆ, ಸಾಲಾಗಿ ಸಮನಾಗಿ ನಿಲ್ಲುವ ಏನೇ ಇದ್ದರೂ ಮೊದಲು ಅವರ ಓರೆಗೆರೆ ಬೀಳಬೇಕು. ಕೆಲಸ ಶುರು ಮಾಡುವ ಮುನ್ನ ಅವರು ಕೇಳುವ ಪ್ರಶ್ನೆ ಒಂದೇ: "ಇದನ್ನ ಯಾರು ನೋಡ್ತಾರೆ, ಎಲ್ಲಿಂದ ನೋಡ್ತಾರೆ?" ಒಮ್ಮೆ ಶಾಲೆಯ ನಕ್ಷೆ ಬಂದಾಗ ಆರು ವರ್ಷದ ಮಗುವಿನ ಕಣ್ಣೆತ್ತರದಿಂದ ಬರೆದರು. ಕೈತೊಳೆಯುವ ತೊಟ್ಟಿಗಳ ಸಾಲಿನಲ್ಲಿ ಒಂದು ನಲ್ಲಿಯೂ ಆ ಮಗುವಿಗೆ ಕಾಣುತ್ತಿರಲಿಲ್ಲ. ತೊಟ್ಟಿಗಳು ಒಂದಡಿ ಕೆಳಗಿಳಿದವು.

ನನ್ನ ಮಟ್ಟಿಗೆ, ಅವರ ಗೆರೆಯ ಮೇಲೆ ಬಣ್ಣ ಹಚ್ಚುವುದು ಒಂದು ಸುಖವಾಗಿತ್ತು. ಕುಂಚ ತಾನಾಗಿಯೇ ದಾರಿ ಹಿಡಿಯುತ್ತಿತ್ತು. ಮರ, ಕಾರು, ತಾಯಿ ಮಗು ಹಾಕುವುದನ್ನು ನಿಧಾನವಾಗಿ ಕಡಿಮೆ ಮಾಡಿದೆ.

ಕಂಪ್ಯೂಟರ್ ಬಂದ ದಿನ ನಾವೆಲ್ಲ ಸೂತಕದ ಮನೆಯವರಂತೆ ಕೂತಿದ್ದೆವು. ಯಂತ್ರದಿಂದ ಮೊದಲ ಚಿತ್ರ ಹೊರಬಂದದ್ದೇ ತಡ, ಕರ್ಣಮ್ಮನವರು ಅದನ್ನು ತಮ್ಮ ಬೋರ್ಡಿಗೆ ಒಯ್ದು, ಪಟ್ಟಿ ಇಟ್ಟು ಕಂಬದಿಂದ ಕಂಬಕ್ಕೆ ಓರೆಗೆರೆ ಎಳೆದು ಪರೀಕ್ಷಿಸಿದರು. ನಾನು ಪಕ್ಕದಲ್ಲಿ ನಿಂತು, ತಪ್ಪು ಸಿಗಲ್ವಾ ಎಂದು ಆಸೆಯಿಂದ ನೋಡುತ್ತಿದ್ದೆ.

"ಸರಿಯಾಗಿ ಹಾಕಿದೆ ಕಣ್ರೀ!" ಎಂದರು, ಹಾಳೆ ಎತ್ತಿ ಹಿಡಿದು. ಅವರ ಮುಖದಲ್ಲಿದ್ದದ್ದು ಅಪ್ಪಟ ಸಂತೋಷ. ಆಮೇಲೆ ಹಾಳೆಯನ್ನು ಕಣ್ಣಿನ ಹತ್ತಿರ ತಂದು, ಯಂತ್ರದ ಮುಂದೆ ಕೂತ ಹೊಸ ಎಂಜಿನಿಯರನ್ನು ಕೇಳಿದರು: "ಆದ್ರೆ ಇದನ್ನ ನೋಡೋರು ಇಷ್ಟು ಮೇಲೆ ಹೇಗೆ ಹೋದ್ರು? ಗೋಡೆ ಹತ್ತಿ ನೋಡ್ತಿದ್ದಾರಾ?" ನೋಡುವ ಕಣ್ಣಿನ ಎತ್ತರವನ್ನು ಬದಲಾಯಿಸಬಹುದು ಎಂದು ಆತ ತೋರಿಸಿಕೊಟ್ಟ. ಅವರು ಒಂದು ವಾರದಲ್ಲಿ ಅದನ್ನು ಕಲಿತರು. ನಾನು ಕಲಿಯಲಿಲ್ಲ.

ಅವರ ಅಕ್ಕ ಆ ವಾರ್ಡಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದರು. ಕುರ್ಚಿ ಚೆನ್ನಾಗಿಲ್ಲ, ಬೆನ್ನು ನೋಯುತ್ತದೆ ಎಂದು ಕೊನೆಯವರೆಗೂ ಗೊಣಗುತ್ತಿದ್ದರಂತೆ. ಮಂಚ ಕಾಣುವುದಿಲ್ಲ ಎಂದು ಒಮ್ಮೆಯೂ ಹೇಳಲಿಲ್ಲ.

ಈಗ ಕರ್ಣಮ್ಮನವರಿಗೆ ಅರವತ್ತೈದು ದಾಟಿದೆ. ಅಮ್ಮನ ಹೊಲಿಗೆ ಅಂಗಡಿಯಿದ್ದ ಜಾಗದಲ್ಲಿ ಮೂರು ಮೇಜು ಹಾಕಿಕೊಂಡು, ಸಂಜೆ ಹೊತ್ತು ಡ್ರಾಯಿಂಗ್ ಕಲಿಸುತ್ತಾರೆ. ಮರಗೆಲಸದವರು, ಒಳಾಂಗಣ ಅಲಂಕಾರ ಮಾಡುವ ಹೆಣ್ಣುಮಕ್ಕಳು, ನಿವೃತ್ತ ಬಸ್ ಡ್ರೈವರೊಬ್ಬರು, ಹೀಗೆ ಯಾರ್ಯಾರೋ ಬರುತ್ತಾರೆ. ಮೊದಲ ದಿನ ಯಾರಿಗೂ ಪೆನ್ಸಿಲ್ ಕೊಡುವುದಿಲ್ಲ. ಕುರ್ಚಿಯೊಂದನ್ನು ಬಾಗಿಲಲ್ಲಿ ಹಾಕಿ, ಬೀದಿ ನೋಡುತ್ತಾ ಅರ್ಧ ಗಂಟೆ ಕೂರಿಸುತ್ತಾರೆ.

ಹೋದ ವಾರ ಫೋನ್ ಮಾಡಿದ್ದರು.

"ಸರ್, ಸುತ್ತು ಮೆಟ್ಟಿಲಿನ ಕಟಕಟೆ ಇದೆಯಲ್ಲ, ಅದರ ಸರಳುಗಳು. ಸಮ ಅಂತರದಲ್ಲೇ ಇವೆ, ಆದ್ರೆ ಬಾಗ್ತಾ ಹೋಗ್ತವೆ, ಮೇಲಕ್ಕೂ ಹೋಗ್ತವೆ. ಓರೆಗೆರೆ ಅಲ್ಲಿ ಸುಲಭಕ್ಕೆ ಬಗ್ಗಲ್ಲ."

"ಕಂಪ್ಯೂಟರ್‌ಗೆ ಹೇಳಿದ್ರೆ ಹಾಕಿಕೊಡುತ್ತಲ್ಲ ಕರ್ಣಮ್ಮ?"

"ಹಾಕಿಕೊಡುತ್ತೆ. ಹೇಗೆ ಹಾಕ್ತು ಅಂತ ಹೇಳಲ್ಲ. ನಿಮ್ಮ ಕಾಲೋನಿ ನೀರಿನ ಟ್ಯಾಂಕಿಗೆ ಅಂಥ ಮೆಟ್ಟಿಲಿದೆ ಅಂದಿದ್ರಿ. ಗುರುವಾರ ಬರ್ತೀನಿ. ಎರಡು ಇಟ್ಟಿಗೆ ತೆಗೆದಿಟ್ಟಿರಿ."